ಕಿತ್ತಳೆಗೆ ಮದ್ದು ಬಿಡುವ ಮೊದಲು

ಮಂಗಳೂರು ಕಿತ್ತಳೆ ಬೆಳೆಯುವ ಊರಲ್ಲ, ಮಾರುವ ಊರು. ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರಿ, ಉಳಿದ ದುಡ್ಡಿನಲ್ಲಿ ತನ್ನೂರಿನ ಮಕ್ಕಳಿಗೆ ಶಾಲೆ ತಂದುಕೊಟ್ಟ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ದೇಶವೆಲ್ಲ ಆ ಬುಟ್ಟಿಯ ಕಡೆ ನೋಡಿತ್ತು. ಇಲ್ಲಿನ ಪೇಟೆಗೆ ಹಣ್ಣು ಬರುವುದು ಕೊಡಗಿನಿಂದ, ನಾಗಪುರದ ಕಡೆಯಿಂದ. ಹಾಗಿದ್ದರೂ ಮನೆಯ ಹಿತ್ತಿಲಲ್ಲೇ ಒಂದು ಕಿತ್ತಳೆ ಮರ ಇರಲಿ ಎನ್ನುವ ಆಸೆ ಈ ನಗರದಲ್ಲಿ ಬತ್ತಿಲ್ಲ.

ದೇರೆಬೈಲನ್ನೇ ತೆಗೆದುಕೊಳ್ಳಿ. ಮಹಾನಗರಪಾಲಿಕೆಯ ವಾರ್ಡುಗಳ ಪಟ್ಟಿಯಲ್ಲಿ ಈ ಹೆಸರಿಗೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಲ್ಲ ದಿಕ್ಕುಗಳೂ ಸೇರಿಕೊಂಡಿವೆ. ಕುಂಟಿಕಾನ, ಕೊಂಚಾಡಿಯ ಕಡೆ ಫ್ಲ್ಯಾಟುಗಳು ಎದ್ದಿದ್ದರೂ ಒಳರಸ್ತೆಗಳಲ್ಲಿ ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದ ಮನೆಗಳು ಇನ್ನೂ ಉಳಿದಿವೆ. ಎರಡು ಮೂರು ತೆಂಗಿನ ಮರ, ಒಂದು ಕರಿಬೇವು, ಬಸಳೆ ಚಪ್ಪರ, ಬಾವಿಕಟ್ಟೆ. ಜೊತೆಗೆ ನರ್ಸರಿಯಿಂದ ತಂದ ಒಂದು ಕಿತ್ತಳೆಯೋ ಮೂಸಂಬಿಯೋ ವಿಯೆಟ್ನಾಂ ಮಾಲ್ಟಾವೋ. ಮೂರ್ನಾಲ್ಕು ವರ್ಷಕ್ಕೆ ಗಿಡ ಕಾಯಿ ಹಿಡಿಯುತ್ತದೆ. ದೂರುಗಳು ಶುರುವಾಗುವುದೂ ಆಗಲೇ. ಕಾಯಿ ಉದುರುತ್ತದೆ, ಬಿರಿಯುತ್ತದೆ, ಹಸಿರು ಹೋಗುವುದೇ ಇಲ್ಲ, ಸುಲಿದರೆ ರಸ ಇಲ್ಲ, ಬಾಯಿಗಿಟ್ಟರೆ ಹುಳಿ. ಮರುದಿನವೇ ಮನೆಯವರು ಗೊಬ್ಬರ-ಮದ್ದಿನ ಅಂಗಡಿಯ ಮುಂದೆ ನಿಂತಿರುತ್ತಾರೆ: "ಕಿತ್ತಳೆಗೆ ಏನಾದರೂ ಮದ್ದು ಕೊಡಿ."

ಅಲ್ಲಿ ಕೈಗೆ ಬರುವ ಬಾಟಲಿಯಿಂದ ಈ ದೂರುಗಳಲ್ಲಿ ಹೆಚ್ಚಿನವು ಪರಿಹಾರವಾಗುವುದಿಲ್ಲ. ಹಿತ್ತಿಲಿನ ಕಿತ್ತಳೆಯ ತೊಂದರೆಗಳ ಬೇರು ಇರುವುದು ನೀರಿನಲ್ಲಿ, ಮಣ್ಣಿನಲ್ಲಿ, ಕಸಿಯಲ್ಲಿ ಮತ್ತು ಈ ಊರಿನ ಹವೆಯಲ್ಲಿ. ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ವಿಷ ಸಿಂಪಡಿಸಿ ಅವನ್ನು ಸರಿಮಾಡಲು ಹೊರಡುವುದು ತಪ್ಪು ಮಾತ್ರವಲ್ಲ, ಅಪಾಯ.

ಮೊದಲು ಬಣ್ಣದ ಮಾತು. ಕಿತ್ತಳೆಯ ಸಿಪ್ಪೆಯ ಹಸಿರು ಹೋಗಿ ಹೊಂಬಣ್ಣ ಬರಬೇಕಾದರೆ ರಾತ್ರಿಗಳು ತಣ್ಣಗಿರಬೇಕು. ಉಷ್ಣತೆ 13 ಡಿಗ್ರಿಯ ಆಸುಪಾಸಿಗೆ ಇಳಿದರೆ ಬಣ್ಣ ಚೆನ್ನಾಗಿ ತಿರುಗುತ್ತದೆ. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 20 ಡಿಗ್ರಿಯ ಸುತ್ತಮುತ್ತಲೇ ಇರುತ್ತದೆ. ಹಾಗಾಗಿ ಒಳಗೆ ಪೂರ್ತಿ ಹಣ್ಣಾದರೂ ಹೊರಗೆ ಹಸಿರು, ಹೆಚ್ಚೆಂದರೆ ಹಳದಿ ಬೆರೆತ ಹಸಿರು. ವಿಯೆಟ್ನಾಂ, ಥಾಯ್ಲೆಂಡ್ ಕಡೆ ಜನ ಹಸಿರು ಸಿಪ್ಪೆಯ ಕಿತ್ತಳೆಯನ್ನೇ ಕೊಂಡು ತಿನ್ನುತ್ತಾರೆ. ನಮ್ಮಲ್ಲಿ ಪೇಟೆಯ ಹಣ್ಣಿನ ಬಣ್ಣ ಕಣ್ಣಿಗೆ ಅಭ್ಯಾಸವಾಗಿರುವುದರಿಂದ ಹಿತ್ತಿಲಿನದು ಕಾಯಿ ಎಂದೇ ಕಾಣುತ್ತದೆ. ಬಣ್ಣಕ್ಕೆ ಕಾದು ಕಾದು ಕೊನೆಗೆ ಕೊಯ್ಯುವಷ್ಟರಲ್ಲಿ ಹಣ್ಣು ಹಳತಾಗಿ ತೊಳೆಗಳು ಒಣಗಿರುತ್ತವೆ. "ರಸವಿಲ್ಲ" ಎಂಬ ದೂರಿನಲ್ಲಿ ದೊಡ್ಡ ಪಾಲು ಈ ಕಾಯುವಿಕೆಯದ್ದು.

ಇನ್ನೊಂದು ಅಭ್ಯಾಸವಿದೆ. ಮಾವು, ಚಿಕ್ಕು ಕೊಯ್ದು ಅಕ್ಕಿಯ ಡಬ್ಬದಲ್ಲಿಟ್ಟು ಹಣ್ಣು ಮಾಡುವ ಮನೆಗಳಲ್ಲಿ ಕಿತ್ತಳೆಯನ್ನೂ ಹಾಗೆಯೇ ಇಡುತ್ತಾರೆ. ಕಿತ್ತಳೆಯ ಜಾತಿಗೆ ಆ ಗುಣವಿಲ್ಲ. ಕೊಯ್ದ ಗಳಿಗೆಯಲ್ಲಿ ಎಷ್ಟು ಸಿಹಿ ಇತ್ತೋ ಅಷ್ಟೇ. ಡಬ್ಬದಲ್ಲಿ ಬಣ್ಣ ತುಸು ತಿರುಗಬಹುದು, ಸಿಹಿ ಏರುವುದಿಲ್ಲ. ಆದ್ದರಿಂದ ಕೊಯ್ಲಿನ ಸಮಯ ತಿಳಿಯಲು ಒಂದೇ ದಾರಿ: ಕಾಯಿ ತೂಕ ಬಂದು ಸಿಪ್ಪೆ ನುಣುಪಾದ ಮೇಲೆ ವಾರಕ್ಕೊಂದನ್ನು ಕೊಯ್ದು ತಿಂದು ನೋಡುವುದು. ಸಿಹಿ ಬಂದ ವಾರ ಕೊಯ್ಲು ಶುರು.

ಹುಳಿಯ ದೂರು ಹೆಚ್ಚು ಗಂಭೀರ. ಎರಡು ವರ್ಷ ಸಿಹಿ ಕೊಟ್ಟ ಮರ ಮೂರನೇ ವರ್ಷ ಹುಳಿ ಕೊಟ್ಟರೆ ಜನ ಮಣ್ಣನ್ನು ಬೈಯುತ್ತಾರೆ, ನರ್ಸರಿಯನ್ನು ಬೈಯುತ್ತಾರೆ. ಮರದ ಬುಡದ ಹತ್ತಿರ ಕುಳಿತು ನೋಡುವವರು ಕಡಿಮೆ. ನರ್ಸರಿಯ ಕಿತ್ತಳೆ ಗಿಡ ಎರಡು ಗಿಡಗಳ ಜೋಡಣೆ. ಕೆಳಗೆ ಬೇರು ಕೊಡುವ ಗಿಡ ಒಂದು, ಮೇಲೆ ಹಣ್ಣು ಕೊಡುವ ಕಸಿ ಇನ್ನೊಂದು. ಬೇರಿಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ರಂಗಪುರ ಲೈಮ್, ಒರಟು ನಿಂಬೆ. ಕೊಡಗಿನ ಕಡೆ ಮೂರೆಲೆಯ ಟ್ರೈಫೋಲಿಯೇಟ್ ಕೂಡ. ಕಾಂಡದಲ್ಲಿ ಗಂಟಿನಂತೆ ಕಾಣುವ ಕಸಿಯ ಜಾಗದ ಕೆಳಗಿನಿಂದ ಒಂದು ಚಿಗುರು ಹೊರಟರೆ ಅದು ಬೇರುಗಿಡದ ಚಿಗುರು. ನೆಟ್ಟಗೆ, ಮುಳ್ಳುಮುಳ್ಳಾಗಿ, ಮೇಲಿನ ಕೊಂಬೆಗಳಿಗಿಂತ ಎರಡು ಪಟ್ಟು ವೇಗದಲ್ಲಿ ಏರುತ್ತದೆ. "ಗಿಡ ಎಷ್ಟು ಚೆನ್ನಾಗಿ ಬರ್ತಾ ಉಂಟು ನೋಡಿ" ಎಂದು ಮನೆಯವರು ಸಂತೋಷಪಡುವುದೂ ಇದನ್ನೇ ಕಂಡು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸಿಹಿಕೊಂಬೆಗಳನ್ನು ನೆರಳಿಗೆ ತಳ್ಳಿ ತಾನೇ ಮರವಾಗುತ್ತದೆ. ರಂಗಪುರ ಲೈಮಿನ ಹಣ್ಣು ಹೊರಗೂ ಒಳಗೂ ಕಿತ್ತಳೆ ಬಣ್ಣದ್ದು, ಸಿಪ್ಪೆಯೂ ಸಡಿಲ. ನೋಡಿದರೆ ಸಣ್ಣ ಕಿತ್ತಳೆಯೇ. ಬಾಯಿಗಿಟ್ಟಾಗಲೇ ಗೊತ್ತಾಗುವುದು.

ಇದಕ್ಕೆ ಬೇಕಾದದ್ದು ಒಂದು ಕತ್ತಿ, ಅದೂ ಬೇಗ. ಕಸಿಗಂಟಿನ ಕೆಳಗೆ ಹೊರಡುವ ಎಳೆ ಚಿಗುರನ್ನು ಕೈಯಲ್ಲೇ ಬುಡಸಮೇತ ಕಿತ್ತರೆ ಸಾಕು. ಬಲಿತಿದ್ದರೆ ಕಾಂಡಕ್ಕೆ ತಾಗಿಸಿ ಕತ್ತರಿಸಬೇಕು. ತುಂಡು ಉಳಿದರೆ ಅಲ್ಲಿಂದ ನಾಲ್ಕು ಹೊರಡುತ್ತವೆ. ಗಿಡ ನೆಡುವಾಗ ಕಸಿಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಬೇಕು. ಬುಡಕ್ಕೆ ಮಣ್ಣು ಏರಿಸಿ ಗಂಟನ್ನು ಮುಚ್ಚಿದ ಮನೆಗಳಲ್ಲಿ ಯಾವ ಚಿಗುರು ಎಲ್ಲಿಂದ ಬಂತೆಂದು ಹೇಳುವುದೇ ಕಷ್ಟ.

ಇನ್ನು ನೀರು. ಹಿತ್ತಿಲಿನ ಕಿತ್ತಳೆ ಸಾಯುವುದು ಬಾಯಾರಿಕೆಯಿಂದಲ್ಲ, ಅತಿಯಾದ ಉಪಚಾರದಿಂದ. ಮಂಗಳೂರಿನ ವರ್ಷದ ಮಳೆ 3,500 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಕಿತ್ತಳೆಯ ಆಹಾರ ಹೀರುವ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ, ಅವಕ್ಕೆ ಗಾಳಿ ಬೇಕು. ಗುಡ್ಡೆಯ ಮುರಕಲ್ಲಿನ ಮೇಲೆ ನೆಟ್ಟ ಗಿಡದ ಹೊಂಡ ಮಳೆಗಾಲದಲ್ಲಿ ನೀರು ತುಂಬಿದ ತೊಟ್ಟಿಯಾಗುತ್ತದೆ. ಹಿಂದೆ ಗದ್ದೆ ಇದ್ದ ತಗ್ಗಿಗೆ ಕೆಂಪು ಮಣ್ಣು ತುಂಬಿಸಿ ಮನೆ ಕಟ್ಟಿದ ಕಡೆ ಬೇರಿಗೆ ಕೆಳಗಿನಿಂದಲೂ ಒದ್ದೆ. ಮಳೆ ನಿಂತ ಮೇಲೆ ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ದಿನವೂ ಬುಡಕ್ಕೆ. ಬಾಳೆಗೆ, ಕೆಸುವಿಗೆ ಒಗ್ಗುವ ಈ ವ್ಯವಸ್ಥೆ ಕಿತ್ತಳೆಗೆ ಒಗ್ಗುವುದಿಲ್ಲ.

ಕಾಯಿ ಬಿರಿಯುವುದೂ ನೀರಿನ ಏರುಪೇರಿನಿಂದಲೇ. ಕೆಲವು ವಾರ ಒಣಗಿದ ಮಣ್ಣಿಗೆ ಅಕ್ಟೋಬರ್-ನವೆಂಬರಿನ ಗುಡುಗು ಮಳೆ ಒಮ್ಮೆಲೇ ಬಿದ್ದರೆ ಒಳಗಿನ ತಿರುಳು ಉಬ್ಬುತ್ತದೆ. ಬೆಳವಣಿಗೆ ನಿಂತ ಸಿಪ್ಪೆ ಹಿಗ್ಗಲಾರದೆ ಸೀಳುತ್ತದೆ. ಬಿರಿದದ್ದು ರೋಗವೆಂದುಕೊಂಡು ಮದ್ದು ಹೊಡೆಯುವುದು ವ್ಯರ್ಥ. ಮಳೆ ನಿಂತೊಡನೆ ಬುಡದ ಸುತ್ತ ತರಗೆಲೆ, ಅಡಿಕೆ ಸಿಪ್ಪೆ, ಒಣಹುಲ್ಲು ಹೊದಿಸಿ, ನಾಲ್ಕೈದು ದಿನಕ್ಕೊಮ್ಮೆ ಅಳತೆಯಲ್ಲಿ ನೀರು ಕೊಟ್ಟರೆ ಮಣ್ಣು ತೀರ ಒಣಗುವುದೂ ಇಲ್ಲ, ತೀರ ನೆನೆಯುವುದೂ ಇಲ್ಲ. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟಿರಬೇಕು.

ಉದುರುವ ಕಾಯಿಗಳ ಬಗ್ಗೆ ಮನೆಯವರು ಮರುಗುವಷ್ಟು ಮರ ಮರುಗುವುದಿಲ್ಲ. ಕಿತ್ತಳೆ ಜಾತಿಯಲ್ಲಿ ನೂರು ಹೂವಿನಲ್ಲಿ ಹಣ್ಣಾಗಿ ನಿಲ್ಲುವುದು ಒಂದೆರಡು. ಬಟಾಣಿ ಗಾತ್ರದ, ಗೋಲಿ ಗಾತ್ರದ ಕಾಯಿಗಳನ್ನು ಮರ ತಾನೇ ಕಳಚುತ್ತದೆ. ಸಾಕಲಾರದ್ದನ್ನು ಬಿಟ್ಟುಬಿಡುವುದು ಅದರ ಕ್ರಮ. ದೊಡ್ಡ ಕಾಯಿ ಉದುರತೊಡಗಿದರೆ ಮಾತ್ರ ಹುಡುಕಬೇಕು. ಬೇರು ಕೊಳೆತಿದೆಯೇ, ನೆರಳು ಹೆಚ್ಚಾಯಿತೇ, ಹಣ್ಣಿಗೆ ಹುಳ ಬಿತ್ತೇ? ನೆರಳಿನ ವಿಷಯ ದೇರೆಬೈಲಿನಲ್ಲಿ ಸಣ್ಣದಲ್ಲ. ಪಕ್ಕದ ಜಾಗದಲ್ಲಿ ನಾಲ್ಕು ಮಾಳಿಗೆ ಎದ್ದರೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕಾದ ಮರಕ್ಕೆ ಎರಡು ಗಂಟೆ ಸಿಗುತ್ತದೆ. ಆಮೇಲೆ ಯಾವ ಗೊಬ್ಬರವೂ ಆ ನಷ್ಟವನ್ನು ತುಂಬಿಕೊಡದು.

ಬೇರುಕೊಳೆ ಈ ಜಿಲ್ಲೆಯ ಜನಕ್ಕೆ ಹೊಸತಲ್ಲ. ಅಡಿಕೆಗೆ ಬರುವ ಕೊಳೆರೋಗವೂ ಕಿತ್ತಳೆಯ ಬುಡದಲ್ಲಿ ಅಂಟು ಸುರಿಸಿ ತೊಗಟೆ ಕೊಳೆಸುವ ರೋಗವೂ ಫೈಟೋಫ್ತೊರಾ ಎಂಬ ಒಂದೇ ಕುಲದ, ಶಿಲೀಂಧ್ರದಂಥ ಜೀವಿಗಳ ಕೆಲಸ. ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ಪರಿಚಯಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದಿಗೂ ಅಡಿಕೆ ಬೆಳೆಗಾರರ ಬಾಯಲ್ಲಿದೆ. ಕಿತ್ತಳೆಯ ಕಾಂಡಕ್ಕೆ ಅದನ್ನೇ ಗಟ್ಟಿಯಾಗಿಸಿ, ಹತ್ತು ಲೀಟರಿಗೆ ಒಂದೊಂದು ಕಿಲೋದಂತೆ ಕಲಸಿ, ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎರಡು ಮೂರು ಅಡಿ ಎತ್ತರದವರೆಗೆ ಬಳಿಯುತ್ತಾರೆ. ಒಂದು ಮರಕ್ಕೆ ಒಂದು ಲೀಟರ್ ಕಲಸಿದರೆ ಧಾರಾಳ. ಬಳಿಯುವ ಮೊದಲು ಅಂಟು ಸುರಿಯುವ ಜಾಗದ ಕೊಳೆತ ತೊಗಟೆಯನ್ನು ಹಸಿರು ಕಾಣುವವರೆಗೆ ಕೆರೆದು ತೆಗೆಯಬೇಕು. ಇಷ್ಟು ಮಾಡಿಯೂ ಬುಡದಲ್ಲಿ ನೀರು ನಿಲ್ಲುತ್ತಿದ್ದರೆ ಬಳಿದದ್ದು ಗೋಡೆಗೆ ಹಚ್ಚಿದ ಸುಣ್ಣದಷ್ಟೇ ಪ್ರಯೋಜನ. ಒಂದೂವರೆ ಅಡಿ ಎತ್ತರದ ಮಣ್ಣಿನ ದಿಬ್ಬದ ಮೇಲೆ ಗಿಡ ನೆಡುವುದು, ಸುತ್ತ ನೀರು ಹೊರಹೋಗಲು ಚರಂಡಿ ತೆಗೆಯುವುದು ಇಲ್ಲಿ ಮೊದಲ ಚಿಕಿತ್ಸೆ.

ಮಣ್ಣಿನ ಹುಳಿಯನ್ನೂ ಮರೆಯುವಂತಿಲ್ಲ. ಕರಾವಳಿಯ ಕೆಂಪು ಮಣ್ಣಿನಿಂದ ಸುಣ್ಣ, ಮೆಗ್ನೀಸಿಯಂ, ಬೋರಾನ್ ಮಳೆಗೆ ತೊಳೆದು ಹೋಗುತ್ತವೆ. ಬೋರಾನ್ ಕೊರತೆಯಲ್ಲಿ ಕಾಯಿ ಗಟ್ಟಿಯಾಗಿ, ಸಿಪ್ಪೆ ದಪ್ಪವಾಗಿ, ರಸ ಕಡಿಮೆಯಾಗುತ್ತದೆ. ಯೂರಿಯಾ ಸುರಿದರೂ ಸಿಪ್ಪೆ ದಪ್ಪವಾಗುತ್ತದೆ. ದಪ್ಪ ಸಿಪ್ಪೆಯಿಂದ ಮೆಣಸ್ಕಾಯಿಯೋ ಗೊಜ್ಜೋ ಚೆನ್ನಾಗಿ ಆಗುತ್ತದೆನ್ನುವುದು ನಿಜ, ಆದರೆ ಗಿಡ ನೆಟ್ಟದ್ದು ಅಷ್ಟಕ್ಕೇ ಅಲ್ಲವಲ್ಲ. ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರ ನಗರದೊಳಗೇ ಇದೆ. ಮಣ್ಣು ಪರೀಕ್ಷೆಯ ಫಲಿತಾಂಶ ಕೈಯಲ್ಲಿ ಹಿಡಿದು ಸುಣ್ಣವನ್ನೋ ಡೋಲೊಮೈಟನ್ನೋ ಹಾಕುವುದು ಊಹೆಯಲ್ಲಿ ಗೊಬ್ಬರ ಸುರಿಯುವುದಕ್ಕಿಂತ ಅಗ್ಗ.

ಈಗ ಹುಳಗಳ ವಿಚಾರ. ಇಲ್ಲಿ ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ಟಾರ್ಚ್ ಹಿಡಿದು ಮರದ ಬಳಿ ಹೋಗಿ ನೋಡುವುದು ಹಗಲಿಡೀ ಮದ್ದು ಹೊಡೆಯುವುದಕ್ಕಿಂತ ಮೇಲು. ಹಣ್ಣಾಗುವ ಕಾಲದಲ್ಲಿ ಅಂಗೈ ಅಗಲದ ಪತಂಗವೊಂದು ಹಣ್ಣಿನ ಮೇಲೆ ಕುಳಿತಿರುವುದು ಕಾಣಬಹುದು. ಮುಂರೆಕ್ಕೆ ಒಣಗಿದ ಎಲೆಯ ಬಣ್ಣ. ರೆಕ್ಕೆ ಬಿಚ್ಚಿದರೆ ಹಿಂರೆಕ್ಕೆ ಕಡು ಕಿತ್ತಳೆ ಹಳದಿ, ಅದರಲ್ಲಿ ಕಪ್ಪು ಪಟ್ಟೆ. ಬೆಳಕು ಬಿದ್ದರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಇದರ ಸೊಂಡಿಲಿನ ತುದಿ ಗರಗಸದಂತೆ ಚೂಪು. ಸಿಪ್ಪೆಯನ್ನೇ ಕೊರೆದು ರಸ ಹೀರುತ್ತದೆ. ಬೆಳಿಗ್ಗೆ ನೋಡಿದರೆ ಸೂಜಿ ಚುಚ್ಚಿದಷ್ಟು ತೂತು, ಸುತ್ತ ಮೆತ್ತಗಾದ ವೃತ್ತ. ಅದುಮಿದರೆ ರಸ ಚಿಮ್ಮುತ್ತದೆ. ಮೂರ್ನಾಲ್ಕು ದಿನದಲ್ಲಿ ಹಣ್ಣು ನೆಲಕ್ಕೆ.

ಈ ಪತಂಗದ ಹುಳುಗಳು ಕಿತ್ತಳೆ ಮರದಲ್ಲಿ ಬೆಳೆಯುವುದಿಲ್ಲ. ಅವುಗಳ ಊಟ ಅಮೃತಬಳ್ಳಿ, ದಾಗಡಿಬಳ್ಳಿಯಂಥ ಬಳ್ಳಿಗಳ ಎಲೆ. ಕೋವಿಡ್ ಕಾಲದಲ್ಲಿ ಕಷಾಯಕ್ಕೆಂದು ಬೇಲಿಬೇಲಿಗೆ ಹಬ್ಬಿಸಿದ ಅಮೃತಬಳ್ಳಿ ಈಗ ಎಷ್ಟೋ ಕಂಪೌಂಡು ಗೋಡೆಗಳ ಮೇಲೆ ತಾನಾಗಿ ಬೆಳೆದು ನಿಂತಿದೆ. ಕಿತ್ತಳೆಗೆ ಎಷ್ಟು ಕೀಟನಾಶಕ ಹೊಡೆದರೂ ಗೋಡೆಯಾಚೆಯ ಬಳ್ಳಿಯಲ್ಲಿ ಹುಟ್ಟಿ ರಾತ್ರಿ ಹಾರಿ ಬರುವ ಪತಂಗವನ್ನು ಅದು ತಡೆಯದು. ಬಳ್ಳಿ ಬೇಕಿದ್ದರೆ ಚಿಕ್ಕದಾಗಿ ಕತ್ತರಿಸಿ ಇಟ್ಟುಕೊಂಡು, ಎಲೆಯಲ್ಲಿ ಹುಳ ಕಂಡರೆ ಹೆಕ್ಕಿ ತೆಗೆಯಬೇಕು. ಹಣ್ಣಿಗೆ ಬಟ್ಟೆಯ ಚೀಲ ಕಟ್ಟಬೇಕು. ಇಪ್ಪತ್ತು ಮೂವತ್ತು ಹಣ್ಣಿನ ಮರಕ್ಕೆ ಹಳೆಯ ಲುಂಗಿ, ಸೀರೆಯ ತುಂಡುಗಳೇ ಸಾಕು.

ಹಣ್ಣುನೊಣದ ಗುರುತು ಬೇರೆ. ಹಣ್ಣು ಒಡೆದರೆ ಒಳಗೆ ಬಿಳಿ ಹುಳುಗಳು ಮಿಸುಕಾಡುತ್ತಿದ್ದರೆ ಅದು ನೊಣದ್ದೇ. ಪತಂಗ ಚುಚ್ಚಿದ ಹಣ್ಣಿನಲ್ಲಿ ಹುಳ ಇರುವುದಿಲ್ಲ. ಮಾವು, ಪೇರಳೆಯನ್ನು ಕಾಡುವ ನೊಣವೇ ಇಲ್ಲಿಗೂ ಬರುತ್ತದೆ. ಮೀಥೈಲ್ ಯೂಜಿನಾಲ್ ಹಚ್ಚಿದ ಮೋಹಕ ಬಲೆ ಗಂಡು ನೊಣಗಳನ್ನಷ್ಟೇ ಸೆಳೆಯುತ್ತದೆ. ಒಂದು ಮನೆಯವರು ಕಟ್ಟಿ ಪಕ್ಕದ ಮನೆಯವರು ಕಟ್ಟದಿದ್ದರೆ ಫಲ ಅಷ್ಟಕ್ಕಷ್ಟೇ. ರಸ್ತೆಯ ಹತ್ತು ಮನೆಗಳು ಸೇರಿ ಕಟ್ಟಿದರೆ ಲೆಕ್ಕವೇ ಬೇರೆ. ಉದುರಿದ ಹಣ್ಣನ್ನು ದಿನವೂ ಹೆಕ್ಕಿ ಎರಡಡಿ ಆಳದಲ್ಲಿ ಹೂಳಬೇಕು, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಬೇಕು. ಬುಡದಲ್ಲೇ ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ.

ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಯ ಪರವಾಗಿಯೂ ಒಂದು ಮಾತು ಆಡಬೇಕು. ಮರ ಹತ್ತಿದವರನ್ನು ಕಚ್ಚುತ್ತದೆಂದು ಕಂಡಲ್ಲಿ ಬೆಂಕಿ, ಸೀಮೆಎಣ್ಣೆ, ಪೌಡರ್ ಪ್ರಯೋಗ ನಡೆಯುತ್ತದೆ. ಚೀನಾದ ದಕ್ಷಿಣದಲ್ಲಿ ಇದೇ ಇರುವೆಯ ಗೂಡುಗಳನ್ನು ಕೊಂಡು ತಂದು ಕಿತ್ತಳೆ ಮರಕ್ಕೆ ಕಟ್ಟುತ್ತಿದ್ದರು; ಕ್ರಿ.ಶ. 304ರದ್ದೆಂದು ಹೇಳುವ ಗ್ರಂಥದಲ್ಲೇ ಅದರ ಉಲ್ಲೇಖವಿದೆ. ಕೀಟದಿಂದ ಕೀಟವನ್ನು ಹತೋಟಿಗೆ ತಂದ ಪ್ರಯೋಗಗಳಲ್ಲಿ ಜಗತ್ತಿಗೆ ಗೊತ್ತಿರುವ ಅತಿ ಹಳೆಯದು ಇದು. ಮರದಿಂದ ಮರಕ್ಕೆ ಇರುವೆ ದಾಟಲಿ ಎಂದು ಅಲ್ಲಿನವರು ಬಿದಿರಿನ ಸೇತುವೆ ಕಟ್ಟುತ್ತಿದ್ದರು. ಕೆಂಪಿರುವೆ ಹಿಟ್ಟುತಿಗಣೆಯಂಥ ಕೆಲವು ಕೀಟಗಳನ್ನು ಸಾಕುತ್ತದೆಂಬ ದೋಷವೂ ಇದೆ, ನಿಜ. ಆದರೂ ಎಲೆ ತಿನ್ನುವ ಹುಳ, ಕಾಯಿಯ ರಸ ಹೀರುವ ತಿಗಣೆಗಳನ್ನು ಅದು ಹಿಡಿಯುವ ಪ್ರಮಾಣ ನೋಡಿದರೆ ಗೂಡನ್ನು ಸುಡುವ ಮುನ್ನ ಎರಡು ಬಾರಿ ಯೋಚಿಸಬೇಕು.

ವಿಷದ ವಿಷಯದಲ್ಲಿ ಈ ಸೀಮೆಯ ಜನ ಬೇರೆಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕಿತ್ತು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳಲ್ಲೂ ಅದೇ ಕಥೆ. ಎಣ್ಮಕಜೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮುಂತಾದವರು ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ, 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು. ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ಇಂದಿಗೂ ಸಾಕುತ್ತಿರುವ ಮನೆಗಳು ಆ ಊರುಗಳಲ್ಲಿವೆ. ಅದನ್ನೆಲ್ಲ ಕಣ್ಣಾರೆ ಕಂಡ ಸೀಮೆಯಲ್ಲಿ, ಇಪ್ಪತ್ತು ಕಿತ್ತಳೆಗಾಗಿ ಅಡುಗೆಮನೆಯ ಕಿಟಕಿಯ ಪಕ್ಕ, ಬಾವಿಯ ಬಾಯಿಯ ಬಳಿ, ಕೈಗವಸೂ ಇಲ್ಲದೆ, ಹೆಸರೂ ಸರಿಯಾಗಿ ಓದದ ಕೀಟನಾಶಕವನ್ನು ಹೊಡೆಯುವುದು ಒಪ್ಪತಕ್ಕ ಮಾತಲ್ಲ. ಮಳೆಗೆ ಅದು ಇಳಿಯುವುದು ಬಾವಿಗೇ. ಮುರಕಲ್ಲಿನ ಸಂದುಗಳಲ್ಲಿ ನೀರು ಎಷ್ಟು ಬೇಗ ಹರಿಯುತ್ತದೆಂಬುದು ಮೊದಲ ಮಳೆಗೇ ಬಾವಿಯ ನೀರು ಕೆಂಪಾಗುವುದನ್ನು ಕಂಡವರಿಗೆಲ್ಲ ಗೊತ್ತು. ಗೋಡೆಯಾಚೆಯ ಮನೆಯ ಮಗು ಉಸಿರಾಡುವುದೂ ಅದೇ ಗಾಳಿಯನ್ನು.

ಆದರೆ ಗ್ರೀನಿಂಗ್ ಎಂಬ ಒಂದು ರೋಗವಿದೆ, ಅದರ ಮುಂದೆ ತಾಳ್ಮೆಯೂ ನಡೆಯದು, ಬಾಟಲಿಯೂ ನಡೆಯದು. ಕಾಫಿ ತೋಟಗಳ ನಡುವೆ ಬೆಳೆಯುತ್ತಿದ್ದ, 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆಯನ್ನು ಮೂಲೆಗುಂಪು ಮಾಡಿದ್ದರಲ್ಲಿ ಬೇರುಕೊಳೆಯ ಜೊತೆ ಗ್ರೀನಿಂಗ್ ರೋಗದ ಪಾಲು ದೊಡ್ಡದು. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಈ ಬೆಳೆಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಅಮೆರಿಕದ ಫ್ಲಾರಿಡಾದಲ್ಲಿ 1997-98ರಲ್ಲಿ 24 ಕೋಟಿ 40 ಲಕ್ಷ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. ರೋಗ 2005ರಲ್ಲಿ ಕಾಣಿಸಿಕೊಂಡಿತು. ಚಂಡಮಾರುತಗಳ ಹೊಡೆತವೂ ಸೇರಿ 2023-24ರ ಬೆಳೆ 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ರೋಗ ಮೊದಲು ಪತ್ತೆಯಾದದ್ದು ತೋಟದಲ್ಲಲ್ಲ. 2012ರಲ್ಲಿ ಲಾಸ್ ಏಂಜಲೀಸ್ ಬಳಿಯ ಹಸಿಯೆಂಡಾ ಹೈಟ್ಸ್‌ನ ಒಂದು ಮನೆಯ ಹಿತ್ತಿಲಲ್ಲಿ. ಇಂಥ ರೋಗದ ಎದುರು ಹಿತ್ತಿಲಿನ ಒಂಟಿ ಮರವೂ ಲೆಕ್ಕಕ್ಕೆ ಬರುತ್ತದೆ.

ರೋಗ ಹರಡುವುದು ಎಳ್ಳಿನ ಕಾಳಿಗಿಂತ ತುಸು ದೊಡ್ಡ ಸಿಲ್ಲಾ ಎಂಬ ಜಿಗಿಹುಳು. ಬಾಲ ಎತ್ತಿ, ತಲೆ ತಗ್ಗಿಸಿ, ಎಳೆ ಚಿಗುರಿನ ಮೇಲೆ ಓರೆಯಾಗಿ ಕೂರುತ್ತದೆ. ಕಿತ್ತಳೆ, ನಿಂಬೆಯಲ್ಲಷ್ಟೇ ಅಲ್ಲ, ಕರಿಬೇವಿನ ಚಿಗುರಿನಲ್ಲೂ ಅದು ಸಂಸಾರ ಹೂಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರು ಗೆಳೆಯರಿಗೊಂದು ಕರಿಬೇವಿನ ಸಸಿ ಸಾಗಿಸಬೇಕಾದರೂ ನಿರ್ಬಂಧಿತ ವಲಯದ ನಿಯಮ ನೋಡಬೇಕಾಗಿರುವುದು ಇದಕ್ಕಾಗಿಯೇ. ದೇರೆಬೈಲಿನ ಮನೆಗಳು ಕರಿಬೇವು ಕಡಿಯಬೇಕಾಗಿಲ್ಲ. ಒಗ್ಗರಣೆಗೆ ಎಲೆ ಕೀಳುವಾಗ ಚಿಗುರು ಮುರುಟಿದೆಯೇ, ಬಿಳಿ ಮೇಣದ ಎಳೆಗಳಿವೆಯೇ ಎಂದು ನೋಡಿ, ಇದ್ದರೆ ಆ ತುದಿಯನ್ನು ಚಿವುಟಿ ಸಾಬೂನು ನೀರಿಗೆ ಹಾಕಿದರೆ ಮುಗಿಯಿತು.

ಗ್ರೀನಿಂಗ್ ಹೌದೋ ಅಲ್ಲವೋ ಎಂದು ಅಂದಾಜು ಮಾಡಲು ಬೇಕಾಗಿರುವುದು ಒಂದು ಎಲೆ. ಹಳದಿಯಾದ ಬಲಿತ ಎಲೆಯನ್ನು ನಡುನರದ ಎರಡೂ ಬದಿಗೆ ಹೋಲಿಸಿ ನೋಡಬೇಕು. ಎರಡೂ ಬದಿಯಲ್ಲಿ ಹಳದಿ ಒಂದೇ ತರಹ, ನರಗಳು ಮಾತ್ರ ಹಸಿರು ಎಂದಾದರೆ ಸಾಮಾನ್ಯವಾಗಿ ಸತುವಿನ ಕೊರತೆ; ಲೀಟರ್ ನೀರಿಗೆ ಐದು ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಕಲಸಿ ಚಿಗುರಿಗೆ ಸಿಂಪಡಿಸಿದರೆ ಸರಿಹೋಗುತ್ತದೆ. ಒಂದು ಬದಿಗೊಂದು ಬಗೆ, ಇನ್ನೊಂದು ಬದಿಗೊಂದು ಬಗೆ ಎಂದು ಹಳದಿ ತೇಪೆಗಳು ಹೊಂದದೆ ಹರಡಿದ್ದರೆ, ಜೊತೆಗೆ ಹಣ್ಣು ಸೊಟ್ಟಗಾಗಿ, ಕೆಳತುದಿ ಹಸಿರಾಗಿಯೇ ಉಳಿದು, ಬೀಜ ಸೊರಗಿ, ರುಚಿ ಕಹಿಯಾಗಿದ್ದರೆ ತಜ್ಞರಿಗೆ ತೋರಿಸಬೇಕು. ಗ್ರೀನಿಂಗ್ ಎಂದು ಖಾತ್ರಿಯಾದ ಮರಕ್ಕೆ ಮದ್ದಿಲ್ಲ. ಕಡಿದು ತೆಗೆಯುವುದೊಂದೇ ದಾರಿ, ಅದು ಎಷ್ಟು ಕಷ್ಟವಾದರೂ.

ಕಸಿಕಡ್ಡಿಯ ಮೂಲಕವೂ ಗ್ರೀನಿಂಗ್ ಬರುತ್ತದೆ. ರೋಗದ ಮರದಿಂದ ಕಡ್ಡಿ ತೆಗೆದು ಕಸಿ ಮಾಡಿದ ಗಿಡ ನರ್ಸರಿಯಲ್ಲಿ ಹಸಿರಾಗಿ ನಳನಳಿಸುತ್ತಲೇ ಇರಬಹುದು. ಹೀಗಿರುವಾಗ ರಸ್ತೆ ಬದಿಯ ಮಾರಾಟದಲ್ಲಿ, ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ಬಣ್ಣದ ಚಿತ್ರ ಕಟ್ಟಿ ಮಾರುವ ಕಿತ್ತಳೆ ಗಿಡಗಳ ಮೇಲೆ ಬೇರುಗಿಡದ ಹೆಸರೂ ಕಸಿಕಡ್ಡಿಯ ಮೂಲವೂ ಇಲ್ಲದಿರುವುದು ಸರಿಯಲ್ಲ. ಕಾಯಿ ಬಿಟ್ಟು ನಿಂತ ಡ್ರಮ್ಮಿನ ಗಿಡಕ್ಕೆ ಸಾವಿರಾರು ರೂಪಾಯಿ ಕೊಡುವ ಗ್ರಾಹಕರಿಗೆ ಈ ಎರಡು ವಿವರ ಕೇಳುವ ಹಕ್ಕಿದೆ. ತೋಟಗಾರಿಕೆ ಇಲಾಖೆ ಇವನ್ನು ಬರೆದ ಚೀಟಿಯನ್ನು ಗಿಡಕ್ಕೆ ಕಡ್ಡಾಯ ಮಾಡಬೇಕು. ಕದ್ರಿ ಪಾರ್ಕಿನಲ್ಲೋ ವಾರ್ಡ್ ಕಚೇರಿಯಲ್ಲೋ ತಿಂಗಳಿಗೊಂದು ದಿನ ಒಬ್ಬ ತೋಟಗಾರಿಕೆ ಅಧಿಕಾರಿ ಕುಳಿತು, ಜನ ತರುವ ಎಲೆ, ಹಣ್ಣು, ಮಣ್ಣು ನೋಡಿ ಹೇಳುವ ಏರ್ಪಾಡು ಮಾಡಿದರೆ ಖರ್ಚು ಹೆಚ್ಚೇನಿಲ್ಲ. ಅಷ್ಟಾದರೆ ನಗರದಲ್ಲಿ ಎಷ್ಟೋ ಕೀಟನಾಶಕದ ಬಾಟಲಿಗಳು ಅಂಗಡಿಯಲ್ಲೇ ಉಳಿಯುತ್ತವೆ.

ಎಲ್ಲ ಹಿತ್ತಿಲಿಗೂ ಕಿತ್ತಳೆಯೇ ಬೇಕೆಂಬ ಹಟವನ್ನೂ ಸಡಿಲಿಸಬಹುದು. ತಗ್ಗಿನಲ್ಲಿ, ನೆರಳಿನಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ಕಿತ್ತಳೆ ಕಷ್ಟದಿಂದ ಬದುಕುವ ಕಡೆ ಗಜಲಿಂಬೆ, ಕಂಚಿ, ಮಾದಲ, ಚಕ್ಕೋತ ಹೆಚ್ಚು ತಂಟೆಯಿಲ್ಲದೆ ಬರುತ್ತವೆ. ಚಕ್ಕೋತವನ್ನು ಮಾತ್ರ ಬೀಜದಿಂದ ಮಾಡಬಾರದು. ತಾಯಿಮರದ ರುಚಿ ಮಗುವಿಗೆ ಬರುವ ಭರವಸೆ ಇಲ್ಲ. ಬಿಸಿಲು ಬೀಳುವ, ನೀರು ಇಳಿದುಹೋಗುವ ಎತ್ತರದ ಜಾಗ ಇರುವವರು ಕಿತ್ತಳೆಯನ್ನೇ ಬೆಳೆಸಲಿ, ಚೆನ್ನಾಗಿಯೇ ಬೆಳೆಯುತ್ತದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ನರ್ಸರಿಗಳ ಮುಂದೆ ಜನ ಸೇರುತ್ತಾರೆ. ಆಗ ಹೋಗುವವರು ಗಿಡದ ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ: ಬೇರುಗಿಡ ಯಾವುದು, ಕಸಿಕಡ್ಡಿ ಎಲ್ಲಿಂದ ಬಂತು? ಉತ್ತರ ಸಿಗದಿದ್ದರೆ ಆ ಗಿಡವನ್ನು ಅಲ್ಲೇ ಬಿಟ್ಟು ಬನ್ನಿ.